ಮೂರನೇ ಸಾಲಿನ ಮುಖ

ದೇವರು ಮನುಷ್ಯನಿಗೆ ಎರಡು ಕೈ ಯಾಕೆ ಕೊಟ್ಟ ಎಂಬ ಪ್ರಶ್ನೆ ಕೊಡಿಗೇಹಳ್ಳಿಯ ಮುನಿಆಂಜಿನಪ್ಪನವರನ್ನು ಐವತ್ತೊಂಬತ್ತು ವರ್ಷ ಕಾಡಿರಲಿಲ್ಲ. ಆ ಕೈಗಳಿಂದ ಹಾಲು ಕರೆದಿದ್ದರು, ಸೊಪ್ಪಿನ ಕಟ್ಟು ಕಟ್ಟಿದ್ದರು, ಸೈಟಿನ ಕಾಗದಗಳಿಗೆ ರುಜು ಹಾಕಿದ್ದರು, ಮನೆಗೆ ಬಂದ ದೊಡ್ಡವರಿಗೆ ಮುಗಿದಿದ್ದರು. ಕೆಲಸವಿಲ್ಲದಾಗ ಅವು ತಾವಾಗಿಯೇ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡು ತೆಪ್ಪಗಿರುತ್ತಿದ್ದವು. ಈಗ ನೋಡಿದರೆ ಆರ್.ಟಿ. ನಗರದಿಂದ ಬಂದ ತರನ್ನುಮ್ ಎಂಬ ಮೇಡಂ, ಇವರದೇ ಮನೆಯ ಸೋಫಾದಲ್ಲಿ ಕೂತು, ಇವರದೇ ಮನೆಯ ಕಾಫಿ ಕುಡಿಯುತ್ತಾ, ಆ ಕೈಗಳನ್ನು ಒಂದೊಂದೇ ಜಾಗದಿಂದ ಒಕ್ಕಲೆಬ್ಬಿಸುತ್ತಿದ್ದರು.

"ಸರ್, ಕೈ ಹಿಂದೆ ಕಟ್ಟಬೇಡಿ. ಮುಂದೇನೂ ಕಟ್ಟಬೇಡಿ. ಜೇಬಿಗೆ ಬೇಡ. ಸೊಂಟದ ಮೇಲಂತೂ ಬೇಡವೇ ಬೇಡ."

"ಮತ್ತೆ ಎಲ್ ಮಡಗಲಿ ಮೇಡಂ?"

"ನ್ಯಾಚುರಲ್ ಆಗಿ ಬಿಟ್ಬಿಡಿ ಸರ್."

ಮುನಿಆಂಜಿನಪ್ಪನವರು ನ್ಯಾಚುರಲ್ ಆಗಿ ಬಿಟ್ಟರು. ಎರಡೂ ಕೈ ಒಣಹಾಕಿದ ಪ್ಯಾಂಟಿನ ಕಾಲುಗಳಂತೆ ಜೋತುಬಿದ್ದವು. ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಹೆಂಡತಿ ಲಕ್ಕಮ್ಮ ತಲೆ ಎತ್ತಿ ನೋಡಿ ಗಾಬರಿಯಾದರು.

"ಏನ್ರೀ, ಯಾಕಂಗ್ ನಿಂತಿದ್ದೀರಾ? ಯಾರಾದ್ರೂ ಒಡುದ್ರಾ?"

ಈ ಪಾಡಿಗೆಲ್ಲ ಮೂಲ ಒಂದು ಇ-ಮೇಲು. ಹೆಬ್ಬಾಳದ ದೊಡ್ಡ ಹೋಟೆಲೊಂದರಲ್ಲಿ ವಸತಿ ಉದ್ಯಮಿಗಳ ಶೃಂಗಸಭೆ ನಡೆಯಲಿದೆಯೆಂದೂ, ಅದರಲ್ಲಿ ಶ್ರೀಯುತ ಮುನಿಆಂಜಿನಪ್ಪನವರು ಹದಿನೆಂಟು ನಿಮಿಷಗಳ ಕೀನೋಟ್ ಭಾಷಣ ಮಾಡಬೇಕೆಂದೂ ಸಂಘದ ಕಾರ್ಯದರ್ಶಿ, ಜಾಲಹಳ್ಳಿಯ ಶಿವರಾಮ್ ಬರೆದಿದ್ದರು. ಮುನಿಆಂಜಿನಪ್ಪನವರು ಉದ್ಯಮಿ ಹೌದು. ಅದರಲ್ಲಿ ಅವರಿಗೂ ಕೊಂಚ ಆಶ್ಚರ್ಯವಿತ್ತು. ಅಪ್ಪನ ಕಾಲದಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆಯನ್ನು ಇಪ್ಪತ್ತು ವರ್ಷದ ಹಿಂದೆ ನಾಲ್ಕು ರೂಮು ಮಾಡಿ, ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಪಿ.ಜಿ. ಎಂದು ಕೊಟ್ಟರು. ಅದು ಬೆಳೆದು ಬೆಳೆದು ಕೊಡಿಗೇಹಳ್ಳಿ, ಬ್ಯಾಟರಾಯನಪುರ, ಜಾಲಹಳ್ಳಿಗಳಲ್ಲಿ ಹನ್ನೊಂದು ಕಟ್ಟಡ, ಸಾವಿರದ ನಾನೂರು ಮಂಚವಾಗಿತ್ತು. (ಹಸು ಸಾಕೋದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು, ಸಗಣಿ ಬಾಚುವ ಬದಲು ವೈಫೈ ಹಾಕಿಸಬೇಕು ಎಂದು ಅವರು ಒಮ್ಮೆ ಗೇಟಿನ ಬಳಿ ಹೇಳಿದ್ದು ಬಾಡಿಗೆದಾರರ ಕಿವಿಗೆ ಬಿದ್ದು, ಇಂಟರ್ನೆಟ್ಟಿನಲ್ಲಿ ಒಂದೇ ವಾರಕ್ಕೆ ಮೂವತ್ತು ಜನ ಒಂದೊಂದೇ ಸ್ಟಾರ್ ಕೊಟ್ಟಿದ್ದರು.)

ಎಂ.ಬಿ.ಎ. ಓದಿ ಅಪ್ಪನ ವ್ಯವಹಾರಕ್ಕೆ ಕೈಹಾಕಿದ ಮಗಳು ಮಂಜುಶ್ರೀ ಇ-ಮೇಲನ್ನು ಓದಿ ಹೇಳಿದ ದಿನ ಮನೆಯಲ್ಲಿ ಕೀನೋಟಿನ ಅರ್ಥವೇನೆಂಬುದರ ಬಗ್ಗೆಯೇ ಒಂದು ಗೋಷ್ಠಿ ನಡೆಯಿತು.

"ಮುಖ್ಯ ಭಾಷಣ ಅಪ್ಪಾ."

"ಉದ್ಘಾಟನಾ ಭಾಷಣಾನಾ?"

"ಅಲ್ಲ."

"ಪ್ರಾಸ್ತಾವಿಕ ನುಡಿ?"

"ಅದೂ ಅಲ್ಲ."

"ಅಧ್ಯಕ್ಷೀಯ ಭಾಷಣ ಕೊನೇಗ್ ಬರ್ಬೇಕಲ್ಲಮ್ಮಾ, ಜನ ಎಲ್ಲಾ ಎದ್ದೋದ್ ಮ್ಯಾಲೆ?"

"ಅಯ್ಯೋ ಅಪ್ಪಾ, ಇದು ಬೇರೆ. ಸಭೆಗೆಲ್ಲ ಇದೇ ದಾರಿ ತೋರಿಸೋದು."

ಮೂವತ್ತು ವರ್ಷ ಊರಿನ ಸಭೆಗಳಲ್ಲಿ ಶಾಲು ಹೊದೆಸಿಕೊಂಡ ಅನುಭವವಿದ್ದ ಮುನಿಆಂಜಿನಪ್ಪನವರಿಗೆ, ಸ್ವಾಗತವೂ ಅಲ್ಲದ, ವಂದನಾರ್ಪಣೆಯೂ ಅಲ್ಲದ ಈ ಅಂತರಪಿಶಾಚಿ ಭಾಷಣ ಯಾವ ಜಾತಿಗೆ ಸೇರಿದ್ದೆಂದು ತಿಳಿಯಲಿಲ್ಲ. ಆದರೂ ಒಪ್ಪಿಕೊಂಡರು. ಯಾಕೆ ಒಪ್ಪಿಕೊಂಡರೆಂಬುದನ್ನು ಅವರು ಯಾರಿಗೂ ಹೇಳಿಲ್ಲ, ನಾನು ಹೇಳುತ್ತೇನೆ. ಲಕ್ಕಮ್ಮನವರ ಬಾಯಿಂದ "ಚೆನ್ನಾಗ್ ಮಾತಾಡುದ್ರಿ" ಎಂಬ ಎರಡು ಪದ ಕೇಳಬೇಕೆಂಬುದು ಅವರ ಮೂವತ್ತೆರಡು ವರ್ಷದ ಆಸೆ. ಮದುವೆಯಾದ ಹೊಸತರಲ್ಲಿ ಊರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನಿಂತು, ಮೈಕಿನವನಿಗೂ ಶಾಮಿಯಾನದವನಿಗೂ ವಂದಿಸಿ, ಶಾಲೆಗೆ ಜಾಗ ಕೊಟ್ಟ ಸ್ವಂತ ಮಾವನವರನ್ನೇ ಮರೆತು ಕೂತಿದ್ದರು. ಅಂದಿನಿಂದ "ನಿಮ್ಗೆ ಮಾತ್ ಬರಾಕಿಲ್ಲ, ಬುಡಿ" ಎಂಬುದು ಆ ಮನೆಯಲ್ಲಿ ಇತ್ಯರ್ಥವಾದ ವಿಷಯ. ಲಕ್ಕಮ್ಮ ಅದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಗಂಡನಿಗೆ ಬದನೆಕಾಯಿ ಆಗುವುದಿಲ್ಲ ಎಂದು ಬೀಗರಿಗೆ ಹೇಳುವಷ್ಟೇ ಸಹಜವಾಗಿ ಹೇಳುತ್ತಿದ್ದರು. ಅದೇ ಮುನಿಆಂಜಿನಪ್ಪನವರಿಗೆ ಹೆಚ್ಚು ನೋಯುತ್ತಿತ್ತು.

ಅದಲ್ಲದೆ ಅವರ ವ್ಯವಹಾರವೆಲ್ಲ ನಡೆದು ಬಂದ ರೀತಿಯೂ ಒಂದಿದೆ. ಸೈಟು ಕೊಳ್ಳುವವರು, ಮಾರುವವರು, ಯಾರೇ ಬರಲಿ, ಹಜಾರದಲ್ಲಿ ಕೂತು ಮಾತಾಡುವವರು ಮುನಿಆಂಜಿನಪ್ಪನವರು; ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುವವರು ಲಕ್ಕಮ್ಮ. ಬಂದವರಿಗೆ ಆಯಮ್ಮ ಕಾಣುವುದಿಲ್ಲ, ಇವರಿಗೆ ಕಾಣುತ್ತದೆ. ಲಕ್ಕಮ್ಮ ಕಿವಿಯ ಓಲೆ ಮುಟ್ಟಿಕೊಂಡರೆ "ಏರಿಸಿ" ಎಂದರ್ಥ. ಬಳೆ ಸರಿಸಿದರೆ "ಇಳಿಸಿ, ಪಾರ್ಟಿ ಎದ್ದು ಹೋಗ್ತಾನೆ" ಎಂದರ್ಥ. ಸೆರಗನ್ನು ಎರಡೂ ಭುಜಕ್ಕೆ ಎಳೆದು ಹೊದ್ದುಕೊಂಡರೆ ಮುಗಿಯಿತು, "ಎದ್ ಬನ್ನಿ, ಇದು ನಮ್ದಲ್ಲ." ಹಳೆಯ ಹಳ್ಳಿಯ ಮನೆಗಳಲ್ಲಿ ಹೆಂಗಸರು ಗಂಡಸರ ಪಂಚಾಯ್ತಿಯ ನಡುವೆ ಬಾಯಿ ಹಾಕುವಂತಿರಲಿಲ್ಲ, ನಿಜ. ಆದರೆ ಓಲೆಗೆ ಕೈ ಹಾಕಬಾರದೆಂದು ಯಾರೂ ಹೇಳಿರಲಿಲ್ಲ. ಹನ್ನೊಂದು ಕಟ್ಟಡಗಳೂ ಎದ್ದದ್ದು ಈ ಓಲೆ, ಬಳೆ, ಸೆರಗುಗಳ ಮೇಲೆಯೇ. ಹಾಗಾಗಿ ಈ ಒಂದು ಸಲ, ಹೆಬ್ಬಾಳದಲ್ಲಿ, ಎಲ್ಲರೆದುರು, ಯಾರ ಬಾಗಿಲ ಕಡೆಗೂ ನೋಡದೆ ತಾನೇ ಮಾತಾಡಿ ಗೆಲ್ಲಬೇಕೆಂದು ಅವರಿಗೆ ಹಟ ಬಂದಿತ್ತು.

ಮಂಜುಶ್ರೀ ತರನ್ನುಮ್ ಮೇಡಂರನ್ನು ಕರೆತಂದಳು. ಕಂಪನಿಯ ದೊಡ್ಡ ದೊಡ್ಡ ಸಾಹೇಬರಿಗೆಲ್ಲ ವೇದಿಕೆಯ ಮೇಲೆ ನಿಲ್ಲುವುದು, ನಗುವುದು, ಉಸಿರಾಡುವುದು ಹೇಳಿಕೊಡುವವರು ಅವರು. (ಇಷ್ಟು ವರ್ಷ ಉಸಿರಾಡದೆಯೇ ಅವರು ಹೇಗೆ ದೊಡ್ಡ ಸಾಹೇಬರಾದರೆಂದು ಲಕ್ಕಮ್ಮ ಕೇಳಿದ್ದುಂಟು.) ಒಳ್ಳೆಯ ಹೆಂಗಸು, ನಗುಮುಖ, ತಾಳ್ಮೆ ಸಾಗರದಷ್ಟು. ಆ ಸಾಗರ ಎಷ್ಟು ಆಳವಿದೆಯೆಂದು ಮುನಿಆಂಜಿನಪ್ಪನವರು ಒಂದು ವಾರ ಅಳೆದರು.

ಮೊದಲನೇ ದಿನವೇ ತಕರಾರು. ಮುನಿಆಂಜಿನಪ್ಪನವರು ಗಂಟಲು ಸರಿಮಾಡಿಕೊಂಡು, "ವೇದಿಕೆಯ ಮೇಲೆ ಆಸೀನರಾಗಿರುವ..." ಎಂದು ಶುರುಮಾಡಿದರು.

"ಸರ್, ವೇದಿಕೆ ಮೇಲೆ ಯಾರೂ ಆಸೀನರಾಗಿರಲ್ಲ."

"ಅಂದ್ರೆ? ಎಲ್ರೂ ಲೇಟಾ?"

"ಕುರ್ಚಿನೇ ಇರಲ್ಲ ಸರ್. ನೀವೊಬ್ರೇ ಇರ್ತೀರಾ."

"ನಂಗೂ ಕುರ್ಚಿ ಇಲ್ವಾ? ಮೈಕ್ ಮುಂದೆ ಡೆಸ್ಕು?"

"ಇಲ್ಲ. ಮೈಕ್ ಕಿವಿಗೆ ಸಿಕ್ಕಿಸ್ತಾರೆ. ನೀವು ಆರಾಮಾಗಿ ಓಡಾಡ್ಕೊಂಡು ಮಾತಾಡ್ಬೇಕು."

ಖಾಲಿ ವೇದಿಕೆಯಲ್ಲಿ ಒಬ್ಬನೇ ಮಾತಾಡಿಕೊಂಡು ಅತ್ತಿಂದಿತ್ತ ಓಡಾಡುವವನನ್ನು ಕೊಡಿಗೇಹಳ್ಳಿಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಲಕ್ಕಮ್ಮ ಬಾಗಿಲಿಂದಲೇ ಹೇಳಿದರು. ಮುನಿಆಂಜಿನಪ್ಪನವರ ಚಿಂತೆ ಬೇರೆ ಇತ್ತು.

"ಶಿವರಾಮಯ್ನೋರ್ ಎಸ್ರು ಯೋಳ್ದೆ ಶುರು ಮಾಡುದ್ರೆ, ನಾಳೆ ನಮ್ ಮಂಜೂ ಮದ್ವೆಗೆ ಬತ್ತಾರಾ ಮೇಡಂ? ಮುಖ ಊದುಸ್ಕತಾರೆ."

"ಮೊದಲ ಮೂವತ್ತು ಸೆಕೆಂಡಲ್ಲಿ ಥ್ಯಾಂಕ್ಸ್ ಹೇಳಿದ್ರೆ ಆಡಿಯೆನ್ಸ್ ಫೋನ್ ತೆಗೀತಾರೆ ಸರ್. ನೇರ ಕಥೆಗೆ ಹೋಗಿ. ನಿಮ್ಮ ಹಸು ಕಥೆ. ಒಂದು ಲೈನ್ ಹೇಳಿ, ಪಾಝ್ ಕೊಡಿ, ಮಾತು ನಿಲ್ಲಿಸಿ. ಮೂರು ಸೆಕೆಂಡ್. ಮೌನಕ್ಕೆ ತುಂಬ ಪವರ್ ಇದೆ."

ಮೌನಕ್ಕಿರುವ ಪವರನ್ನು ಮೂವತ್ತೆರಡು ವರ್ಷದ ಸಂಸಾರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಕಷ್ಟವೆಂದರೆ, ಮೂರು ಸೆಕೆಂಡು ಎಣಿಸುವಾಗ ಅವರ ತುಟಿ ಅಲ್ಲಾಡುತ್ತಿತ್ತು. "ನಮ್ಮನೇಲಿ ಗೌರಿ ಅಂತ ಒಂದ್ ಹಸ ಇತ್ತು" ಎಂದು ಹೇಳಿ, ಕಣ್ಣು ಮೇಲೆ ಮಾಡಿ, "ಒಂದು, ಎರಡು, ಮೂರು" ಎಂದು ತುಟಿಯಲ್ಲೇ ಎಣಿಸಿ ಮುಂದಕ್ಕೆ ಹೋಗುತ್ತಿದ್ದರು. ನೋಡಿದವರಿಗೆ ಗೌರಿಯ ಆತ್ಮಕ್ಕೆ ಮಂತ್ರ ಹೇಳುತ್ತಿದ್ದಾರೆ ಎನ್ನಿಸುತ್ತಿತ್ತು.

ಹೀಗೆ ದಿನಕ್ಕೊಂದು ಉಪದೇಶ. ನಗಬೇಕು, ಹಲ್ಲು ಕಾಣಬಾರದು. ಓಡಾಡಬೇಕು, ಅಲೆದಾಡಬಾರದು. ಉರು ಹೊಡೆದಿರಬೇಕು, ಉರು ಹೊಡೆದಂತೆ ಕಾಣಬಾರದು. ಹೃದಯದಿಂದ ಮಾತಾಡಬೇಕು, ಹದಿನೆಂಟು ನಿಮಿಷಕ್ಕೆ ಸರಿಯಾಗಿ ಹೃದಯ ನಿಲ್ಲಿಸಬೇಕು. ಮುನಿಆಂಜಿನಪ್ಪನವರು ಎಲ್ಲವನ್ನೂ ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ಬರೆದುಕೊಂಡರು. ಬರೆದಷ್ಟೂ ಗೊಂದಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಕನ್ನಡಿಯೆದುರು ಕೈ ಎಲ್ಲಿಡಬೇಕೆಂದು ಯೋಚಿಸಿ, ಬ್ರಷ್ ಕೈಯಲ್ಲಿರುವುದಕ್ಕೆ ದೇವರಿಗೆ ವಂದಿಸುತ್ತಿದ್ದರು.

ಕೊನೆಯ ದಿನ ತರನ್ನುಮ್ ಒಂದು ಗುಟ್ಟು ಹೇಳಿದರು.

"ಸರ್, ಐನೂರು ಜನಾನ ನೋಡ್ಬೇಡಿ, ತಲೆ ತಿರುಗತ್ತೆ. ಮೂರನೇ ಸಾಲಲ್ಲಿ ನಿಮ್ಮವರು ಒಬ್ಬರನ್ನ ಕೂರಿಸಿ. ಆ ಮುಖ ನೋಡ್ಕೊಂಡು, ಅವರಿಗೇ ಹೇಳ್ತಿರೋ ಥರ ಮಾತಾಡಿ. ಯಾರಿದ್ರೆ ನಿಮಗೆ ಧೈರ್ಯ ಬರತ್ತೆ?"

ಮುನಿಆಂಜಿನಪ್ಪನವರು ಬಾಗಿಲ ಕಡೆ ನೋಡಿದರು. ಬೇರೆ ಯಾರ ಹೆಸರೂ ಅವರಿಗೆ ಹೊಳೆಯಲಿಲ್ಲ. ಆದರೆ ಬಿಟ್ಟುಕೊಡಬಾರದಲ್ಲ, ಆಮೇಲೆ ಮೆಲ್ಲಗೆ ಹೆಂಡತಿಯ ಬಳಿ ಹೋಗಿ ಕಟ್ಟಪ್ಪಣೆ ಮಾಡಿದರು.

"ಬಾ, ಕೂತ್ಕೊ. ಆದ್ರೆ ಓಲೆ ಗೀಲೆ ಮುಟ್ಬಾರ್ದು. ಸನ್ನೆ ಮಾಡಂಗಿಲ್ಲ."

"ನಾನ್ಯಾಕ್ರೀ ಮಾಡ್ಲಿ? ಇದೇನ್ ಸೈಟ್ ಯಾಪಾರವಾ? ನಂಗೇನ್ ತಿಳೀತದೆ ನಿಮ್ ಕೀ ನೋಟು? ಆಕಾಸ ಬಿದ್ದೋದ್ರೂ ಮಾಡಾಕಿಲ್ಲ, ಓಗಿ."

ಸಭೆಯ ದಿನ ಬಂತು. ಲಕ್ಕಮ್ಮ ಆ ದಿನಕ್ಕೆಂದೇ ಹೊಸ ಓಲೆ ಕೊಂಡಿದ್ದರು. ಗಂಡನ ಭಾಷಣದಲ್ಲಿ ನಂಬಿಕೆಯಿಲ್ಲದಿದ್ದರೂ ಗಂಡನ ಮರ್ಯಾದೆಯಲ್ಲಿ ಇತ್ತು. ಹೋಟೆಲಿನ ಆ ಸಭಾಂಗಣದ ಚಳಿಯೋ, ಸಂಕ್ರಾಂತಿಯ ಬೆಳಗಿನ ಜಾವಕ್ಕೆ ಸಡ್ಡು ಹೊಡೆಯುವಂಥದ್ದು. ಕೋಟು ಹಾಕಿದ್ದ ಉದ್ಯಮಿಗಳಿಗೆ ಅದು ತಿಳಿಯಲಿಲ್ಲ. ತೆಳು ರೇಷ್ಮೆ ಸೀರೆಯ ಲಕ್ಕಮ್ಮ ಮೂರನೇ ಸಾಲಿನಲ್ಲಿ, ಒಂದು ಕಡೆ ಮಗಳು, ಇನ್ನೊಂದು ಕಡೆ ತರನ್ನುಮ್, ನಡುವೆ ಕೂತರು.

ಮುನಿಆಂಜಿನಪ್ಪನವರ ಕಿವಿಗೆ ಮೈಕು ಸಿಕ್ಕಿಸಿ ವೇದಿಕೆಗೆ ನೂಕಿದರು. ದೀಪಗಳು ಕಣ್ಣಿಗೆ ಹೊಡೆದವು. ಸಭೆಯೆಲ್ಲ ಕತ್ತಲು, ಮುಂದಿನ ಮೂರು ಸಾಲು ಮಾತ್ರ ಬೆಳಕು. ಕಾಲ ಬಳಿ ಒಂದು ಗಡಿಯಾರ ಹದಿನೆಂಟರಿಂದ ಹಿಂದಕ್ಕೆ ಓಡುತ್ತಿತ್ತು. ಮೂರನೇ ಸಾಲಿನ ಮುಖ ನೋಡಿದರು. ಉಸಿರು ಬಂತು.

"ನಮ್ಮನೇಲಿ ಗೌರಿ ಅಂತ ಒಂದ್ ಹಸ ಇತ್ತು."

ಒಂದು, ಎರಡು, ಮೂರು. ತುಟಿ ಅಲ್ಲಾಡಲಿಲ್ಲ! ಸಭೆ ನಿಶ್ಶಬ್ದವಾಯಿತು. ಗೌರಿ ಮಲಗುತ್ತಿದ್ದ ಜಾಗದಲ್ಲಿ ಮೊದಲ ರೂಮು ಕಟ್ಟಿದ್ದು, ಸುಣ್ಣ ಬಳಿದ ಮೇಲೂ ಹಾಲಿನ ವಾಸನೆ ಹೋಗದಿದ್ದದ್ದು, ಎಲ್ಲ ಹೇಳಿದರು. ಕತ್ತಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕೈಗಳು ಕೂಡ ಎಲ್ಲೋ ಒಂದು ಕಡೆ ಇದ್ದವು, ಎಲ್ಲೆಂದು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಮಾತು ಬರುತ್ತಿದೆ, ತನಗೆ ಮಾತು ಬರುತ್ತಿದೆ ಎಂದು ಒಳಗೊಳಗೇ ಹಿಗ್ಗಿದರು.

"ಇವತ್ತು ನಮ್ ಅತ್ರ ಸಾವಿರದ ನಾನೂರು ಬೆಡ್ ಇದಾವೆ."

ಹಿಂದಿನ ಪರದೆಯ ಮೇಲೆ ಸಾವಿರದ ನಾನೂರು ಎಂಬ ಅಂಕಿ ಆಳೆತ್ತರಕ್ಕೆ ಮೂಡಿತು. ಆಗಲೇ ಲಕ್ಕಮ್ಮ ಓಲೆ ಮುಟ್ಟಿಕೊಂಡರು.

ಮುನಿಆಂಜಿನಪ್ಪನವರು ಅದನ್ನು ನೋಡಿದರು. ಆಕಾಶ ಬಿದ್ದು ಹೋದರೂ ಮಾಡುವುದಿಲ್ಲ ಎಂದವಳು ಮಾಡುತ್ತಿದ್ದಾಳೆ. ಹಾಗಾದರೆ ಆಕಾಶ ಬಿದ್ದುಹೋಗುವುದಕ್ಕಿಂತ ದೊಡ್ಡದೇ ಏನೋ ಇದೆ!

"ಅಲ್ಲ," ಎಂದರು. "ಎರಡು ಸಾವಿರ."

ಸಭೆ ಪರದೆ ನೋಡಿತು, ಅವರನ್ನು ನೋಡಿತು. ಲಕ್ಕಮ್ಮ ಈ ಸಲ ಎರಡೂ ಕೈಯಿಂದ ಎರಡೂ ಓಲೆ ಮುಟ್ಟಿಕೊಂಡರು. ಅಂಥ ಸನ್ನೆ ಅವರ ಸಂಸಾರದಲ್ಲಿ ಒಂದೇ ಒಂದು ಸಲ ಆಗಿತ್ತು, ಯಲಹಂಕದ ಮೂಲೆ ಸೈಟು ಮಾರಿದ ದಿನ.

"ಐದು ಸಾವಿರ!" ಎಂದು ಕೂಗಿಯೇ ಬಿಟ್ಟರು. "ಇನ್ನೆರಡು ವರ್ಷಕ್ಕೆ ಐದು ಸಾವಿರ ಬೆಡ್ಡು!"

ಚಪ್ಪಾಳೆಯೋ ಚಪ್ಪಾಳೆ. ಉದ್ಯಮಿಗಳು ಫೋನು ತೆಗೆದು ಚಿತ್ರ ಹಿಡಿದರು. ಮಂಜುಶ್ರೀ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇರುವ ಹನ್ನೊಂದು ಕಟ್ಟಡದ ಗೀಸರುಗಳನ್ನು ರಿಪೇರಿ ಮಾಡಿಸುವಷ್ಟರಲ್ಲೇ ಅವಳಿಗೆ ಸಾಕಾಗಿತ್ತು. ಅಷ್ಟರಲ್ಲಿ ಲಕ್ಕಮ್ಮ ಬಳೆ ಸರಿಸಿದರು.

"ನಾಲ್ಕೂವರೆ," ಎಂದರು ಮುನಿಆಂಜಿನಪ್ಪನವರು, ದನಿ ತಗ್ಗಿಸಿ. ಇನ್ನೊಮ್ಮೆ ಬಳೆ. "ಓಗ್ಲಿ, ನಾಲ್ಕ್ ಸಾವ್ರ."

ಮೊದಲ ಸಾಲಿನ ದಪ್ಪ ಮೀಸೆಯ ಬಿಲ್ಡರೊಬ್ಬರು ಅಭ್ಯಾಸಬಲದಿಂದ, "ಮೂರು ಸಾವಿರದ ಎಂಟುನೂರಕ್ಕೆ ಮುಗಿಸಿ ಅಣ್ಣಾ!" ಎಂದು ಕೂಗಿದರು. ಮುನಿಆಂಜಿನಪ್ಪನವರು ಉತ್ತರಕ್ಕಾಗಿ ಮೂರನೇ ಸಾಲು ನೋಡಿದರು. ಲಕ್ಕಮ್ಮ ಸೆರಗನ್ನು ಎಳೆದು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದುಕೊಂಡರು.

ಮುಗಿಯಿತು. ಮೂವತ್ತೆರಡು ವರ್ಷದಲ್ಲಿ ಆ ಸೆರಗಿಗೆ ಎದುರಾಡಿ ಅವರು ಬದುಕಿರಲಿಲ್ಲ.

"ಆಗಾಕಿಲ್ಲ. ಇದು ನಮ್ದಲ್ಲ. ನಮಸ್ಕಾರ," ಎಂದು ಕೈ ಮುಗಿದು, ಮೆಟ್ಟಿಲಿಳಿದು ಹೊರಟೇಬಿಟ್ಟರು. ಗಡಿಯಾರದಲ್ಲಿ ಇನ್ನೂ ಹದಿಮೂರು ನಿಮಿಷ ಬಾಕಿಯಿತ್ತು.

ಸಭೆಗೆ ಏನಾಯಿತೆಂದೇ ತಿಳಿಯಲಿಲ್ಲ. ಇಂಥ ಭಾಷಣ ಕೇಳಿ ಅಭ್ಯಾಸವಿದ್ದ ಜನ, ಇದು ಪಾಝ್ ಎಂದುಕೊಂಡು ಖಾಲಿ ವೇದಿಕೆಯನ್ನೇ ಭಕ್ತಿಯಿಂದ ನೋಡುತ್ತಾ ಕೂತರು. ಮೂರು ಸೆಕೆಂಡಾಯಿತು. ಹತ್ತಾಯಿತು. ಹಿಂದಿನ ಸಾಲಿನಲ್ಲಿ ಒಬ್ಬರು "ವಾಹ್" ಎಂದರಂತೆ. ತರನ್ನುಮ್ ಮೇಡಂ ಸಾಗರದ ತಳ ಕಂಡವರಂತೆ ಬಾಯಿ ತೆರೆದು ಕೂತಿದ್ದರು.

ಮುನಿಆಂಜಿನಪ್ಪನವರು ನೇರ ಮೂರನೇ ಸಾಲಿಗೆ ಬಂದು, ಹೆಂಡತಿಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು. ಕಿವಿಗೆ ಸಿಕ್ಕಿಸಿದ್ದ ಮೈಕನ್ನು ಯಾರೂ ತೆಗೆದಿರಲಿಲ್ಲ. ಇಬ್ಬರ ಪಿಸುಮಾತೂ ಎಂಟು ಸ್ಪೀಕರುಗಳಿಂದ ಗುಡುಗಿತು.

"ಯಾಕೇ ಎದ್ ಬಾ ಅಂದೆ? ಏನ್ ಮೋಸ ಐತೆ?"

"ನಾನೆಲ್ ಅಂದೆ? ಚಳಿ ಕಣ್ರೀ! ಐಸ್ ಪೆಟ್ಗೆ ಆಗದೆ ಇದು!"

"ಮತ್ತೆ ಓಲೆ ಮುಟ್ಟಿದ್ದು?"

"ಒಸಾ ಓಲೆ, ಕಿವಿ ಅರಿತದೆ. ತಿರುಪು ಸಡ್ಲ ಆಗಿತ್ತು, ಎಲ್ಲಿ ಬಿದ್ದೋಯ್ತದೋ ಅಂತ ನೋಡ್ಕಂಡೆ."

"ಬಳೆ?"

"ಕೈ ಸೆಟ್ಕೊಂತು, ಉಜ್ಕಂಡೆ. ಅದ್ಕೂ ನಿಮ್ನ ಕೇಳ್ಬೇಕಾ?"

"ಅಯ್ಯೋ ನಿನ್! ಐದ್ ಸಾವ್ರ ಬೆಡ್ಡು ಅಂದ್ಬುಟ್ನಲ್ಲೇ!"

"ಅದೇ ನಾನೂ ನೋಡ್ತಾವ್ನಿ, ಈವಯ್ಯಂಗೆ ಏನ್ ಮೆಟ್ಕೊಂತು, ಮಾತೇ ಬರ್ದೋನು ಇಂಗ್ ಅರಾಜ್ ಕೂಗ್ತಾನಲ್ಲ ಅಂತ!"

ಐನೂರು ಜನ ಒಟ್ಟಿಗೆ ನಕ್ಕರೆ ಹೇಗಿರುತ್ತದೆಂದು ಮುನಿಆಂಜಿನಪ್ಪನವರಿಗೆ ಆಗ ತಿಳಿಯಿತು. ಅವರು ಕೋಟಿನೊಳಗೆ ಇಳಿದುಹೋದರು. ಮಾತು ಬಾರದವನೆಂಬುದು ಇಷ್ಟು ದಿನ ಮನೆಯ ಗುಟ್ಟಾಗಿತ್ತು, ಈಗ ಇಡೀ ಉತ್ತರ ಬೆಂಗಳೂರಿಗೆ ಗೊತ್ತಾಗಿತ್ತು, ಅದೂ ಅವಳ ದನಿಯಲ್ಲೇ. ಅಳು ಬಂದಂತಾಗಿ ಕುರ್ಚಿ ಹುಡುಕಿದರು.

ಕಾರ್ಯದರ್ಶಿ ಶಿವರಾಮ್ ಬುದ್ಧಿವಂತ ಮನುಷ್ಯ. ಹದಿಮೂರು ನಿಮಿಷ ಖಾಲಿ ಬಿಡುವಂತಿಲ್ಲ, ಊಟ ಇನ್ನೂ ಸಿದ್ಧವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಓಡಿ ಬಂದು ಒಂದು ಕೈ-ಮೈಕನ್ನು ಲಕ್ಕಮ್ಮನವರಿಗೆ ಕೊಟ್ಟರು.

"ಅಮ್ಮಾ, ಓಲೆ ಬಳೇಲೇ ವ್ಯಾಪಾರ ಮಾಡಿಸಿದವರು ನೀವೇ ಅಂತ ಈಗ ಗೊತ್ತಾಯ್ತು. ಉಳಿದದ್ದು ನೀವೇ ಹೇಳಿ."

"ನಾನಾ? ಬ್ಯಾಡ ಬುಡಿ ಸೋಮಿ," ಎನ್ನುತ್ತಲೇ ಲಕ್ಕಮ್ಮ ಎದ್ದರು. ಸೆರಗು ಹೊದ್ದುಕೊಂಡೇ ಮೆಟ್ಟಿಲು ಹತ್ತಿದರು. ಮೈಕನ್ನು ಸೌಟು ಹಿಡಿದಂತೆ ಹಿಡಿದರು.

"ಮೊದ್ಲು ಆ ಚಳಿ ಮಿಸೀನು ಕಮ್ಮಿ ಮಾಡ್ಸಿ."

ಮಾಡಿಸಿದರು. ಆಮೇಲೆ ಲಕ್ಕಮ್ಮ ಸುಮ್ಮನೆ ನಿಂತರು. ಪಾಝ್ ಅಲ್ಲ, ಹೆದರಿಕೆ. ಅವರ ಕಣ್ಣು ಮೂರನೇ ಸಾಲಿಗೆ ಬಂತು, ತಾವು ಬಿಟ್ಟು ಬಂದ ಕುರ್ಚಿಯಲ್ಲಿ ಕುಸಿದು ಕೂತಿದ್ದ ಗಂಡನ ಮುಖಕ್ಕೆ.

ಮುನಿಆಂಜಿನಪ್ಪನವರಿಗೆ ಆ ಕ್ಷಣವೇ ಬಲಕಿವಿಯ ಹಿಂದೆ ತುರಿಕೆ ಶುರುವಾಯಿತು. ಕೈ ಏಳುತ್ತಿತ್ತು, ತಡೆದರು. ಈಗ ತಾನು ಕಿವಿ ಮುಟ್ಟಿದರೆ ಅವಳು ಏರಿಸುತ್ತಾಳೆ! ನಾಲ್ಕು ಸಾವಿರದಿಂದ ಎಂಟು ಸಾವಿರಕ್ಕೆ ಹೋದರೆ ಗತಿಯೇನು? ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ತಮ್ಮ ಎಂಬತ್ತೆರಡು ಕಿಲೋ ಭಾರವನ್ನು ಇಟ್ಟು ಕೂತರು.

ಲಕ್ಕಮ್ಮ ಮಾತಾಡಿದರು. ಆ ಗೌರಿಯ ಕೊಟ್ಟಿಗೆಯ ರೂಮಿಗೆ ಮೊದಲು ಬಂದ ಹುಡುಗಿಯ ಮಾತು.

"ಕೆಲ್ಸ ಮುಗ್ಸಿ ಬರೋಳು, ಒಳೀಕ್ ಬರ್ದೆ ಗೇಟ್ ತಾವೇ ನಿಂತ್ಕಳೋಳು. ದಿನಾ ಅಂಗೇ. ಏನವ್ವಾ, ಬೀಗದ್ ಕೈ ಕಳ್ಕಂಡ್ಯಾ ಅಂದೆ. ಇಲ್ಲ ಆಂಟಿ, ನಮ್ಮನೇಲಿ ಗೇಟ್ ಸದ್ದಾದ್ರೆ ಯಾರಾರಾ ಒಬ್ರು 'ಬಂದ್ಯಾ' ಅಂತಿದ್ರು, ಇಲ್ಲಿ ಯಾರೂ ಅನ್ನಲ್ಲ, ಅದ್ಕೆ ಒಳಗ್ ಓಗಕ್ಕೆ ಬೇಜಾರು ಅಂದ್ಲು. ನಂಗೆ ಕರ್ಳು ಕಿತ್ಬಂದಂಗಾಯ್ತು. ಅವತ್ತಿಂದ ನಮ್ ಅನ್ನೊಂದ್ ಬಿಲ್ಡಿಂಗಲ್ಲೂ ಗೇಟ್ ತಾವ ಒಂದೊಂದ್ ಎಂಗಸ್ನ ಕೂರ್ಸಿವ್ನಿ. ಬೇರೇನ್ ಕೆಲ್ಸ ಇಲ್ಲ. ಬಂದೋರ್ನ 'ಬಂದ್ಯಾ, ಉಂಡ್ಯಾ' ಅನ್ಬೇಕು. ಅಷ್ಟೇಯಾ. ಮಂಚ ಎಲ್ಲಾ ಕಡೆ ಸಿಕ್ತದೆ ಕಣ್ರಪ್ಪಾ."

ಮುನಿಆಂಜಿನಪ್ಪನವರು ಬೆರಗಾದರು. ಆ ಹನ್ನೊಂದು ಹೆಂಗಸರು ಏನೂ ಮಾಡದೆ ಸಂಬಳ ತಿನ್ನುತ್ತಾರೆಂದು ಅವರು ಹತ್ತು ವರ್ಷದಿಂದ ಜಗಳವಾಡುತ್ತಿದ್ದರು. ಲಕ್ಕಮ್ಮ "ಇರ್ಲಿ ಬುಡಿ" ಎಂದಷ್ಟೇ ಹೇಳಿ ಬಳೆ ಸರಿಸುತ್ತಿದ್ದರು. ಇವಳ ಬಳಿ ಇಷ್ಟು ಮಾತಿತ್ತೆ? ಇದ್ದ ಮಾತನ್ನೆಲ್ಲ ಓಲೆ, ಬಳೆಗಳಲ್ಲಿ ಹೇಳುವಂತೆ ಮಾಡಿದ್ದು ತಾನೇ, ಹಜಾರದ ಕುರ್ಚಿಯನ್ನು ಒಂದು ದಿನವೂ ಬಿಟ್ಟುಕೊಡದೆ. ಅವರಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಯಾವುದು ಮೊದಲು ಆಯಿತೆಂದು ಗೊತ್ತಾಗಲಿಲ್ಲ. ಕಿವಿ ಮಾತ್ರ ಒಂದೇ ಸಮನೆ ತುರಿಸುತ್ತಿತ್ತು.

"ಸರ್, ರಿಲ್ಯಾಕ್ಸ್. ಕೈ ನ್ಯಾಚುರಲ್ ಆಗಿ ಬಿಡಿ," ಎಂದರು ಪಕ್ಕದಲ್ಲಿದ್ದ ತರನ್ನುಮ್.

"ಸುಮ್ಕಿರಿ ಮೇಡಂ," ಎಂದು ಹಲ್ಲು ಕಚ್ಚಿದರು ಮುನಿಆಂಜಿನಪ್ಪನವರು.

ಹದಿಮೂರನೇ ನಿಮಿಷಕ್ಕೆ ಲಕ್ಕಮ್ಮ, "ಸರಿ, ಊಟ ಆರೋಯ್ತದೆ, ಎದ್ದೋಳಿ" ಎಂದು ಮುಗಿಸಿದರು. ಸಭೆ ನಿಜವಾಗಿಯೂ ಎದ್ದು ನಿಂತಿತು. ಊಟಕ್ಕಲ್ಲ, ಚಪ್ಪಾಳೆಗೆ. ದಪ್ಪ ಮೀಸೆಯ ಬಿಲ್ಡರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮುನಿಆಂಜಿನಪ್ಪನವರಿಗೆ ಏಳಲಾಗಲಿಲ್ಲ, ಚಪ್ಪಾಳೆ ತಟ್ಟಲೂ ಆಗಲಿಲ್ಲ. ಎರಡೂ ಕೈ ಜೋಮು ಹಿಡಿದಿದ್ದವು.

ವಾಪಸು ಬರುವಾಗ ಮಂಜುಶ್ರೀ ಕಾರು ಓಡಿಸುತ್ತಿದ್ದಳು. ಓಡಿಸುತ್ತಿದ್ದಳು ಎನ್ನುವುದು ಗೌರವದ ಮಾತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕಾರು ಅರ್ಧ ಗಂಟೆಯಿಂದ ನಿಂತಿತ್ತು. ಅಷ್ಟರಲ್ಲಿ ಶಿವರಾಮ್ ಫೋನು ಮಾಡಿದರು. ಮುಂದಿನ ತಿಂಗಳು ಯಶವಂತಪುರದಲ್ಲಿ ಇನ್ನೂ ದೊಡ್ಡ ಸಭೆಯಂತೆ, ಕೀನೋಟ್ ಅಮ್ಮನವರದೇ ಆಗಬೇಕಂತೆ.

"ಮತ್ತೆ ನಾನು?" ಎಂದರು ಮುನಿಆಂಜಿನಪ್ಪನವರು, ಮೆತ್ತಗೆ.

"ನೀವಿಲ್ದೆ ಹೇಗಣ್ಣಾ? ಮೂರನೇ ಸಾಲು ನಿಮಗೇ ಇಟ್ಟಿದೀನಿ."

ಮುನಿಆಂಜಿನಪ್ಪನವರು ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದರು. ಕೇಳಬಾರದೆಂದುಕೊಂಡಿದ್ದರು, ಆದರೂ ಬಾಯಿಂದ ಬಂದುಬಿಟ್ಟಿತು.

"ಲಕ್ಕೂ, ನಾನು... ಸುರುನಲ್ಲಿ, ಆ ಗೌರಿ ಕತೆ... ಎಂಗಿತ್ತು?"

ಲಕ್ಕಮ್ಮ ಯೋಚಿಸಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

"ಚಳೀಲಿ ಏನೂ ಕೇಳುಸ್ಲಿಲ್ಲ ಕಣ್ರೀ." ಆಮೇಲೆ ಗಂಡನ ಕೈ ಎಳೆದುಕೊಂಡು ತಿಕ್ಕತೊಡಗಿದರು. "ಆದ್ರೆ ಒಂದ್ ಯೋಳ್ತೀನಿ. ಅಲ್ ನಿಂತಾಗ ನಂಗೆ ಕೈಕಾಲೆಲ್ಲಾ ನಡುಗೋದ್ವು. ನಿಮ್ಮುನ್ನ ನೋಡ್ದೆ. ಕಲ್ ದೇವ್ರಂಗೆ ಕೂತಿದ್ರಿ, ಒಂದ್ ರೆಪ್ಪೆ ಅಲ್ಲಾಡ್ಸುಲ್ಲ. ಆಗ ದೈರ್ಯ ಬಂತು. ಚೆನ್ನಾಗ್ ಕೂತಿದ್ರಿ ಕಣ್ರೀ. ಬಾಳ ಚೆನ್ನಾಗ್ ಕೂತಿದ್ರಿ."

ಮೂವತ್ತೆರಡು ವರ್ಷ ಕಾದ ಮಾತು ಬಂದಿತ್ತು. ಬಂದದ್ದು ಅದೇನಾ, ಬೇರೆಯದಾ ಎಂದು ಮುನಿಆಂಜಿನಪ್ಪನವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಯೋಚಿಸಿದರು. ಗೊತ್ತಾಗಲಿಲ್ಲ. ಕಣ್ಣಂತೂ ಒದ್ದೆಯಾಗಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು ಮಗಳನ್ನು 'ಮಂಜೂ' ಎಂದು ಕರೆದರು.

"ಆ ತರನ್ನುಮ್ ಮೇಡಂಗೆ ಒಂದ್ ಫೋನ್ ಮಾಡಮ್ಮಾ. ಕೂತ್ಕೊಳಾದ್ಕೂ ಕ್ಲಾಸ್ ತಗಂತಾರಾ ಕೇಳು."